ಡಿಸ್ನಿ ವರ್ಲ್ಡಲ್ಲಿ ಒಬ್ರೇ ಕೂತು ಊಟ ಮಾಡೋಕೆ ಯಾವ ರೆಸ್ಟೋರೆಂಟ್ ಚೆನ್ನ, ಯಾವುದು ದಂಡ

ಆರ್ಲ್ಯಾಂಡೋಗೆ ಆಫೀಸ್ ಕೆಲಸ, ಕಾನ್ಫರೆನ್ಸ್ ಅಂತ ಹೋಗೋ ನಮ್ಮೋರು ಬಿಡುವು ಸಿಕ್ಕಿದ್ರೆ ಡಿಸ್ನಿ ಕಡೆ ಒಬ್ರೇ ಹೊರಟುಬಿಡ್ತಾರೆ. ರೈಡ್‌ಗೆ ಒಬ್ರೇ ಇರೋದು ಲಾಭಾನೇ, ಕೆಲವು ಕಡೆ ಸಿಂಗಲ್ ರೈಡರ್ ಲೈನ್ ಅಂತ ಬೇರೇನೇ ಇರತ್ತೆ, ಬೇಗ ಒಳಗೆ ಹೋಗ್ಬಹುದು. ಊಟದ ಹೊತ್ತಿಗೆ ಮಾತ್ರ ಧೈರ್ಯ ಸಾಲಲ್ಲ, ಕೌಂಟರಲ್ಲಿ ಒಂದು ಪ್ಲೇಟ್ ಫ್ರೈಸ್ ತಗೊಂಡು ಯಾವ್ದಾದ್ರೂ ಕಟ್ಟೆ ಮೇಲೆ ಬಿಸಿಲಲ್ಲಿ ಕೂತ್ಕೋತಾರೆ. ಟೇಬಲ್ ಹಾಕಿ ಬಡಿಸೋ ಜಾಗ ಎಲ್ಲಾ ಫ್ಯಾಮಿಲಿಗಳಿಗೆ ಅನ್ನೋ ಭಾವನೆ. ನನಗಂತೂ ಫ್ಲೋರಿಡಾ ಸೆಕೆಯಲ್ಲಿ ಮಧ್ಯಾಹ್ನ ಒಂದು ಗಂಟೆ ಏಸಿಯಲ್ಲಿ ಕೂತು, ಯಾರಾದ್ರೂ ತಂದುಕೊಟ್ಟಿದ್ದನ್ನ ತಿನ್ನೋದು ರೈಡ್‌ಗಿಂತ ಮುಖ್ಯ. ಅದಕ್ಕೇ ಇದು.

ಮೊದಲೇ ಹೇಳ್ಬಿಡ್ತೀನಿ, ನಾನು ವೆಜ್. ಮೆನುವಲ್ಲಿ ಹಸಿರು ಎಲೆ ಗುರುತು ಇದ್ರೆ ಅದು ಪ್ಲಾಂಟ್ ಬೇಸ್ಡ್, ಅಂದ್ರೆ ಹಾಲು ಮೊಟ್ಟೆ ಕೂಡ ಇಲ್ಲ ಅಂತ ಅರ್ಥ, ಈ ಗುರುತು 2019ರಿಂದ ಇದೆ, ಹಾಗಾಗಿ ಉಪವಾಸ ಅಂತೂ ಬೀಳಲ್ಲ. ಒಬ್ರೇ ಹೋಗುವಾಗ ರುಚಿ ನೋಡಿ ಜಾಗ ಆರಿಸ್ಬೇಡಿ ಅಂತೀನಿ ನಾನು. ಎರಡೇ ವಿಷಯ ನೋಡಿ: ಊಟ ಬರೋ ತನಕ ಕಣ್ಣಿಗೇನು ಕೆಲಸ, ಮತ್ತೆ ಬಿಲ್ ತಟ್ಟೆ ಲೆಕ್ಕವಾ ತಲೆ ಲೆಕ್ಕವಾ.

ಕಣ್ಣಿನ ಲೆಕ್ಕದಲ್ಲಿ ನನ್ನ ನಂಬರ್ ಒನ್ ಡಿಸ್ನಿ ವರ್ಲ್ಡಿನ ಪಾರ್ಕುಗಳಲ್ಲೊಂದಾದ ಹಾಲಿವುಡ್ ಸ್ಟುಡಿಯೋಸ್‌ನ ಸೈ-ಫೈ ಡೈನ್-ಇನ್ ಥಿಯೇಟರ್. ಒಳಗೆ ಯಾವಾಗ್ಲೂ ರಾತ್ರಿ, ನಕ್ಷತ್ರ ಬೇರೆ, ಟೇಬಲ್ ಬದಲು 1950ರ ದಶಕದ ಓಪನ್ ಕಾರುಗಳು, ಸೀಟಲ್ಲಿ ಕೂತು ಎದುರಿನ ದೊಡ್ಡ ಪರದೆ ಮೇಲೆ ಹಳೇ ಕಪ್ಪು-ಬಿಳುಪು ರಾಕ್ಷಸರ, ಹಾರುವ ತಟ್ಟೆಗಳ ಸಿನಿಮಾ ಟ್ರೇಲರ್ ನೋಡ್ತಾ ತಿನ್ನೋದು. ಎಲ್ರ ಮುಖ ಒಂದೇ ಕಡೆ ಇರೋದ್ರಿಂದ ನೀವು ಒಬ್ರೇ ಬಂದಿದ್ದೀರಾ ಅಂತ ನೋಡೋಕೆ ಯಾರಿಗೂ ಪುರುಸೊತ್ತಿಲ್ಲ, ಎದುರಿನ ಖಾಲಿ ಕುರ್ಚಿ ಅನ್ನೋ ಸಮಸ್ಯೆನೇ ಇಲ್ಲಿ ಹುಟ್ಟಲ್ಲ. ಊಟ ಬರ್ಗರ್-ಮಿಲ್ಕ್‌ಶೇಕ್ ಮಟ್ಟದ್ದು, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ, ದುಡ್ಡು ಕಾರಿಗೆ ಕೊಡ್ತಿದ್ದೀವಿ ಅಂದ್ಕೊಳ್ಳಿ. ಬುಕ್ ಮಾಡಿ ಹೋದಾಗ ಕಾರ್ ಸೀಟೇ ಬೇಕು ಅಂತ ಬಾಗಿಲಲ್ಲೇ ಕೇಳಿ, ಯಾಕಂದ್ರೆ ಕೆಲವು ಮಾಮೂಲಿ ಟೇಬಲ್ಲೂ ಇವೆ.

ಅದೇ ಪಾರ್ಕಲ್ಲಿ 50ಸ್ ಪ್ರೈಮ್ ಟೈಮ್ ಕೆಫೆ ಇದೆ. ಹಳೇ ಕಾಲದ ಅಮೆರಿಕನ್ ಅಡುಗೆಮನೆ ಸೆಟ್ಟು, ಬಡಿಸೋರು ನಿಮ್ಮ ಮನೆಯವರ ಥರ ನಾಟಕ ಆಡ್ತಾರೆ, ಮೊಣಕೈ ಟೇಬಲ್ ಮೇಲಿಟ್ರೆ ಬೈಗುಳ, ತರಕಾರಿ ಬಿಟ್ರೆ ಇನ್ನೊಂದು ರೌಂಡ್ ಬೈಗುಳ. ಮಾತಾಡಿಸಿದ್ರೆ ಮುದುಡಿಹೋಗೋರು ಈ ಕಡೆ ಬರ್ಬೇಡಿ. ಆದ್ರೆ ಮೂರ್ನಾಲ್ಕು ದಿನದಿಂದ ಕಾನ್ಫರೆನ್ಸಿನ ಒಣ ಮಾತು ಬಿಟ್ಟು ಬೇರೇನೂ ಕೇಳಿಲ್ಲ ಅಂದ್ರೆ ಆ ಬೈಗುಳ ನಿಜಕ್ಕೂ ಹಿತ. ಅಲ್ಲಿನ ಪೀನಟ್ ಬಟರ್-ಜೆಲ್ಲಿ ಶೇಕ್ ಕುಡಿದ್ರೆ ಊಟವೇ ಬೇಕಾಗಲ್ಲ. ಟೇಬಲ್ ಸಿಗದಿದ್ರೆ ಪಕ್ಕದಲ್ಲೇ ಟ್ಯೂನ್-ಇನ್ ಲೌಂಜ್ ಅನ್ನೋ ಬಾರ್ ಇದೆ.

ಎಪ್‌ಕಾಟಿಗೆ ಬರೋಣ, ಅಸಲಿ ಊಟದ ಪಾರ್ಕ್ ಇದೇ. 1982ರಲ್ಲಿ ಶುರುವಾಗಿದ್ದು, ಕೆರೆ ಸುತ್ತ 11 ದೇಶಗಳ ಪೆವಿಲಿಯನ್, ಅಂದ್ರೆ ಒಂದೊಂದು ದೇಶದ ಥರ ಕಟ್ಟಿದ ಜಾಗ. ಮೆಕ್ಸಿಕೋ ಪಿರಮಿಡ್ ಒಳಗಿನ ಸ್ಯಾನ್ ಏಂಜೆಲ್ ಇನ್ ನನ್ನ ಫೇವರಿಟ್, ಹೊರಗೆ ಸುಡು ಬಿಸಿಲಿದ್ರೂ ಒಳಗೆ ಮುಸ್ಸಂಜೆ, ಪಕ್ಕದಲ್ಲಿ ನೀರು, ನೀರಲ್ಲಿ ರೈಡಿನ ದೋಣಿಗಳು ಒಂದರ ಹಿಂದೆ ಒಂದು ಹೋಗ್ತಿರ್ತವೆ, ಆಚೆ ದಡದಲ್ಲಿ ಜ್ವಾಲಾಮುಖಿ. ಮೆನು ಓದೋಕೆ ಫೋನ್ ಟಾರ್ಚ್ ಬೇಕು, ಅಷ್ಟು ಕತ್ತಲೆ, ಅದೇ ಒಂಟಿಯಾಗಿ ಬಂದೋರಿಗೆ ವರ. ನೀರಿನ ಕಡೆ ಟೇಬಲ್ ಕೊಡಿ ಅಂತ ಕೇಳಿ, ಕಾಯಿಸಿದ್ರೆ ಕಾಯಿರಿ.

ಜಪಾನ್‌ನ ಟೆಪ್ಪನ್ ಎಡೋ ರೆಸ್ಟೋರೆಂಟಲ್ಲಿ ಕಥೆ ಉಲ್ಟಾ. ದೊಡ್ಡ ಬಿಸಿ ಹೆಂಚು, ಸುತ್ತ ಎಂಟು ಜನ, ಬೇರೆ ಬೇರೆ ಮನೆಯವರನ್ನ ಸೇರಿಸಿ ಕೂರಿಸ್ತಾರೆ, ಎದುರಲ್ಲಿ ಶೆಫ್ ಈರುಳ್ಳಿ ಗೋಪುರ ಕಟ್ಟಿ ಹೊಗೆ ಬಿಡ್ತಾ ಅಡುಗೆ ಮಾಡ್ತಾರೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಗುರುತಿಲ್ಲದವರ ಟೇಬಲ್ಲಿಗೆ ನುಗ್ಗಿ ದೋಸೆ ತಿಂದೋರಿಗೆ ಇದೇನು ಹೊಸದಲ್ಲ, ವ್ಯತ್ಯಾಸ ಅಂದ್ರೆ ಇಲ್ಲಿ ಪಕ್ಕದವರು ಎಲ್ಲಿಂದ ಬಂದ್ರಿ ಅಂತ ಕೇಳದೆ ಬಿಡಲ್ಲ. ವೆಜ್ ಸಿಗತ್ತೆ, ತೋಫು ತರಕಾರಿ ಎಲ್ಲಾ, ಆದ್ರೆ ಅದೇ ಹೆಂಚಿನ ಇನ್ನೊಂದು ಮೂಲೆಯಲ್ಲಿ ಪಕ್ಕದವರ ದನದ ಮಾಂಸ ಬೇಯ್ತಿರತ್ತೆ. ಅದು ಆಗಲ್ಲ ಅನ್ನೋರು ನೇರ ಇಟಲಿಯ ವಿಯಾ ನಾಪೋಲಿಗೆ ಹೋಗಿ, ಎಟ್ನಾ, ವೆಸುವಿಯೋ, ಸ್ಟ್ರಾಂಬೋಲಿ ಅಂತ ಜ್ವಾಲಾಮುಖಿಗಳ ಹೆಸರಿಟ್ಟ ಮೂರು ಸೌದೆ ಒಲೆಗಳು, ಒಬ್ರಿಗಾಗೋ ಸೈಜಿನ ಪಿಜ್ಜಾನೂ ಇದೆ. ಮಾರ್ಗೆರಿಟಾ ತಗೊಳ್ಳಿ, ಡಿಸ್ನಿಯಲ್ಲಿ ವೆಜ್ ಅಂತ ಅಡ್ಜಸ್ಟ್ ಮಾಡ್ಕೊಳ್ದೆ ತಿಂದ ಊಟ ನನಗೆ ಇದೊಂದೇ.

ಜರ್ಮನಿಯ ಬಿಯರ್‌ಗಾರ್ಟನ್ ಬಗ್ಗೆ ಎಲ್ರೂ ಹೇಳ್ತಾರೆ, ಅಲ್ಲೂ ಉದ್ದ ಟೇಬಲ್, ಅಪರಿಚಿತರ ಜೊತೆ ಸೀಟು, ಬ್ಯಾಂಡು ಹಾಡು ಕುಣಿತ. ಜಾಗ ಮಜಾ ಇದೆ. ಆದ್ರೆ ಬಫೆ, ಸಾಸೇಜ್ ತಿನ್ನೋರೂ ನಾನೂ ಕೊಡೋದು ಒಂದೇ ರೇಟು, ನನ್ನ ಪಾಲಿಗೆ ಆಲೂಗಡ್ಡೆ, ಬ್ರೆಡ್ಡು, ಸಲಾಡ್. ನಾನ್‌ವೆಜ್ ತಿನ್ನೋರು ಕಣ್ಣುಮುಚ್ಚಿ ಹೋಗಿ, ನನ್ನಂಥೋರಿಗೆ ದಂಡ.

ತಲೆ ಲೆಕ್ಕದ ಜಾಗ ಎಲ್ಲಾ ಹೀಗೇ. ಮ್ಯಾಜಿಕ್ ಕಿಂಗ್‌ಡಮ್‌ನ ಬಿ ಅವರ್ ಗೆಸ್ಟ್ ಕೋಟೆ ನೋಡೋಕೆ ಭವ್ಯ, ಆದ್ರೆ ಫಿಕ್ಸೆಡ್ ರೇಟಿನ ಮೂರು ಕೋರ್ಸ್ ಊಟ, ಹಂಚಿಕೊಳ್ಳೋಕೆ ಯಾರೂ ಇಲ್ದೆ ಇದ್ದಾಗ ಅಷ್ಟು ತಿನ್ನೋಕೂ ಆಗಲ್ಲ ಬಿಡೋಕೂ ಆಗಲ್ಲ. ಮಿಕ್ಕಿ ಗಿಕ್ಕಿ ಟೇಬಲ್ ಹತ್ರ ಬರೋ ಕ್ಯಾರೆಕ್ಟರ್ ಊಟಗಳೂ ಅಷ್ಟೇ, ಫೋಟೋ ಹುಚ್ಚಿದ್ರೆ ಸರಿ. ಆ ಪಾರ್ಕಲ್ಲಿ ನಾನು ಸ್ಕಿಪ್ಪರ್ ಕ್ಯಾಂಟೀನ್‌ಗೆ ಓಟು ಹಾಕ್ತೀನಿ, ಸರ್ವರ್‌ಗಳು ಜಂಗಲ್ ಕ್ರೂಸ್ ರೈಡಿನ ದೋಣಿಯವರ ಥರಾನೇ ಪಿಜೆ ಹೊಡೀತಾರೆ, ಒಂದು ಕಾಲಕ್ಕೆ ಮೆನುವಲ್ಲಿ ಪರ್ಕಿನ್ಸ್ ಥಾಲಿ ಅಂತ ವೆಜ್ ಐಟಮ್ಮೇ ಇತ್ತು. ಎಪ್‌ಕಾಟಿನ ಸ್ಪೇಸ್ 220ಯಲ್ಲೂ ಒಂದು ಉಪಾಯ ಇದೆ. 2021ರಲ್ಲಿ ತೆರೆದಿದ್ದು, ಲಿಫ್ಟಲ್ಲಿ ಭೂಮಿಯಿಂದ 220 ಮೈಲಿ ಮೇಲೆ ಹೋದ ಹಾಗೆ ತೋರಿಸ್ತಾರೆ, ರೆಸ್ಟೋರೆಂಟಲ್ಲಿ ಫಿಕ್ಸೆಡ್ ರೇಟು ಕೈ ಸುಡತ್ತೆ, ಆದ್ರೆ ಲೌಂಜಲ್ಲಿ ಕೂತ್ರೆ ಬೇಕಾದ್ದು ಒಂದೋ ಎರಡೋ ಆರ್ಡರ್ ಮಾಡಿ ಅದೇ ಕಿಟಕಿ, ಅದೇ ಭೂಮಿ ನೋಡ್ಬಹುದು.

ಇನ್ನು ಸನಾ. ಇದು ಪಾರ್ಕ್ ಒಳಗಿಲ್ಲ, ಅನಿಮಲ್ ಕಿಂಗ್‌ಡಮ್ ಲಾಡ್ಜ್ ಹೋಟೆಲಿನ ಕಿಡಾನಿ ವಿಲೇಜಲ್ಲಿದೆ, ಪಾರ್ಕ್ ಟಿಕೆಟ್ ಬೇಕಾಗಿಲ್ಲ. ಆಫ್ರಿಕನ್-ಇಂಡಿಯನ್ ಅಡುಗೆ, ಬ್ರೆಡ್ ಸರ್ವಿಸ್ ಅಂತ ಫೇಮಸ್, ನಾನ್ ಥರದ ಐದು ಬ್ರೆಡ್ಡು, ಜೊತೆಗೆ ನಂಚಿಕೊಳ್ಳೋಕೆ ಒಂಬತ್ತು ಪುಟ್ಟ ಬಟ್ಟಲು, ಕೊತ್ತಂಬರಿ ಚಟ್ನಿ, ಮಾವಿನ ಚಟ್ನಿ, ಸೌತೆಕಾಯಿ ರಾಯಿತ, ಬೆಳ್ಳುಳ್ಳಿ ಉಪ್ಪಿನಕಾಯಿ ಎಲ್ಲಾ. ಅಮೆರಿಕದವರು ಇದಕ್ಕೆ ಪ್ರಾಣ ಬಿಡ್ತಾರೆ, ನಮಗೆ ಸ್ವಲ್ಪ ನಗು ಬರತ್ತೆ, ಆದ್ರೂ ವಾರವೆಲ್ಲಾ ಸಪ್ಪೆ ತಿಂದ ನಾಲಿಗೆಗೆ ಆ ಉಪ್ಪಿನಕಾಯಿ ಬಿದ್ದಾಗ ನಗು ನಿಲ್ಲತ್ತೆ. ಇಬ್ಬರು ಮೂವರಿಗೆ ಅಂತ ಕೊಡೋದು, ಒಬ್ರಿಗೆ ಅದೇ ಪೂರ್ತಿ ಊಟ. ಕಿಟಕಿ ಆಚೆ ಜಿರಾಫೆ, ಜೀಬ್ರಾ ಮೇಯ್ತಿರ್ತವೆ, ಕತ್ತಲಾದ್ಮೇಲೆ ಹೋದ್ರೆ ಏನೂ ಕಾಣಲ್ಲ, ಮಧ್ಯಾಹ್ನಕ್ಕೇ ಬುಕ್ ಮಾಡಿ.

ಬುಕಿಂಗ್ 60 ದಿನ ಮುಂಚೆ ತೆರೀತಾರೆ, ಫ್ಯಾಮಿಲಿಗಳ ಗಡಿಬಿಡಿ ನಮಗೆ ಬೇಡ, ಒಬ್ರಿಗೆ ಜಾಗ ಕಡೇ ಗಳಿಗೆಯಲ್ಲೂ ತೆರವಾಗ್ತಿರತ್ತೆ. ಹಿಂದಿನ ದಿನ ರಾತ್ರಿ ಡಿಸ್ನಿಯ ಆ್ಯಪ್ ನೋಡಿ, ಬೆಳಗ್ಗೆ ಇನ್ನೊಮ್ಮೆ ನೋಡಿ, ಇಲ್ಲಾಂದ್ರೆ ರೆಸ್ಟೋರೆಂಟ್ ಹತ್ರ ಹೋಗಿ ಆ್ಯಪಲ್ಲೇ ವಾಕ್-ಅಪ್ ಲಿಸ್ಟ್, ಅಂದ್ರೆ ಬುಕ್ ಮಾಡದೆ ಬಂದೋರ ಸರದಿ, ತೆರೆದಿದ್ಯಾ ನೋಡಿ. ಹನ್ನೆರಡೂವರೆ ಬಿಟ್ಟು ಎರಡೂವರೆ ಮೂರಕ್ಕೆ ಹೋದ್ರೆ ಇನ್ನೂ ಸುಲಭ. ಬುಕ್ ಮಾಡಿ ಹೋಗದಿದ್ರೆ ಸಾಮಾನ್ಯವಾಗಿ 10 ಡಾಲರ್ ಹಿಡ್ಕೋತಾರೆ, 2 ಗಂಟೆ ಮುಂಚೆ ಕ್ಯಾನ್ಸಲ್ ಮಾಡಿದ್ರೆ ಇಲ್ಲ. ಮೆನು ರೇಟಿನ ಮೇಲೆ ಟ್ಯಾಕ್ಸು, ಆಮೇಲೆ 18-20 ಪರ್ಸೆಂಟ್ ಟಿಪ್ಸು ಸೇರಿಸ್ಕೊಂಡೇ ಆರ್ಡರ್ ಮಾಡಿ.