ನಿಶ್ಚಿತಾರ್ಥದ ಫೋಟೋ ಚೆನ್ನಾಗಿ ಬಂದಿವೆ, ಆಲ್ಬಂ ಮಾತ್ರ ತಡ

ತಂಗಿಯ ನಿಶ್ಚಿತಾರ್ಥಕ್ಕೆ ಹಳೇ ದಾವಣಗೆರೆ ಕಡೆಯ ಒಂದು ಸಣ್ಣ ಸ್ಟುಡಿಯೋದವರನ್ನು ಕರೆಸಿದ್ದೆವು. ಮನೆಯಲ್ಲೇ ಫಂಕ್ಷನ್ ಮಾಡುವವರು ಕಣ್ಣು ಮುಚ್ಚಿ ಬುಕ್ ಮಾಡಬಹುದು. ದೊಡ್ಡ ಕಲ್ಯಾಣ ಮಂಟಪವಾದರೆ ಸ್ವಲ್ಪ ಯೋಚಿಸಿ.

ಫೋಟೋಗ್ರಾಫರ್‌ಗೆ ಬಲಗೈ ಮೊಣಕೈವರೆಗೆ ಮಾತ್ರ ಇದೆ. ಕ್ಯಾನನ್, ನಿಕಾನ್, ಸೋನಿ ಯಾವುದೇ ತಗೊಳ್ಳಿ, ಶಟರ್ ಬಟನ್ ಬಲಗಡೆಯೇ ಅಲ್ವಾ? 1936ರಲ್ಲಿ ಜರ್ಮನಿಯಲ್ಲಿ ಬಂದ ಕಿನೆ ಎಕ್ಸಾಕ್ಟಾ ಕ್ಯಾಮೆರಾದಲ್ಲಿ ಬಟನ್ ಎಡಗಡೆ ಇತ್ತು, ಈಗ ಅಂಗಡಿಯಲ್ಲಿ ಅಂಥದ್ದು ಕೇಳಿದರೆ ನಗುತ್ತಾರೆ. ಅದಕ್ಕೆ ಇವರು ಕ್ಯಾಮೆರಾ ತಳಕ್ಕೆ ಪಿಸ್ತೂಲಿನ ಹಿಡಿಯಂಥ ಗ್ರಿಪ್ ಕೂರಿಸಿದ್ದಾರೆ. ಅದರಲ್ಲೊಂದು ಟ್ರಿಗರ್, ಅಲ್ಲಿಂದ ವೈರ್ ಸೀದಾ ಕ್ಯಾಮೆರಾದ ರಿಮೋಟ್ ಸಾಕೆಟ್‌ಗೆ. ಎಡಗೈಯಲ್ಲಿ ಹಿಡಿದು, ಬಲ ಮೊಣಕೈಯನ್ನು ಲೆನ್ಸ್ ಕೆಳಗೆ ಆನಿಸಿ ನಿಲ್ಲುತ್ತಾರೆ. ಅರ್ಧ ಒತ್ತಿದರೆ ಫೋಕಸ್, ಪೂರ್ತಿ ಒತ್ತಿದರೆ ಕ್ಲಿಕ್. ಜೂಮ್ ರಿಂಗನ್ನು ಮೊಣಕೈಯಿಂದಲೇ ಉಜ್ಜಿ ತಿರುಗಿಸುತ್ತಾರೆ.

ಲೆನ್ಸ್ ಬದಲಿಸಬೇಕೆಂದರೆ ಮಾತ್ರ ಕೂರಬೇಕು, ಕ್ಯಾಮೆರಾವನ್ನು ಮಂಡಿಗಳ ನಡುವೆ ಸಿಗಿಸಿಕೊಳ್ಳಬೇಕು, ಹೊತ್ತು ಹಿಡಿಯುತ್ತದೆ. ಹಾಗಾಗಿ ಇಡೀ ಫಂಕ್ಷನ್ ಹತ್ತಿರದಿಂದ ತೆಗೆಯುವ 24-70 ಜೂಮ್ ಲೆನ್ಸ್ ಒಂದರಲ್ಲೇ ಮುಗಿಸಿದರು. ಮಂಟಪದಲ್ಲಿ ದೂರದಿಂದ ತೆಗೆಯಲು 70-200 ಲೆನ್ಸ್ ಬೇಕು, ಅದರ ದೊಡ್ಡ ಮಾಡೆಲ್ ಸುಮಾರು ಒಂದೂವರೆ ಕೆಜಿ ತೂಗುತ್ತದೆ. ಅಂಥ ಕಡೆ ಅಸಿಸ್ಟೆಂಟ್ ಕರೆತರಲು ಮೊದಲೇ ಹೇಳಿ.

ನನಗೆ ಇಷ್ಟವಾಗಿದ್ದು ಅವರು ಓಡಾಡದೇ ಇದ್ದದ್ದು. ಹಿಂದಿನ ದಿನ ಸಂಜೆಯೇ ಬಂದು ಪಡಸಾಲೆ ನೋಡಿ, ತಲೆಬಾಗಿಲ ಬೆಳಕು ಬೀಳುವ ಕಡೆ ಮಣೆ ಹಾಕಿಸಿ, ತಮ್ಮ ಜಾಗ ಗೊತ್ತು ಮಾಡಿಕೊಂಡು ಹೋದರು. ಶಾಸ್ತ್ರ ನಿಲ್ಲಿಸಿ "ಇನ್ನೊಂದ್ಸಲ ಉಂಗುರ ಹಾಕಿ" ಅಂತ ಕಾಟ ಕೊಡಲಿಲ್ಲ. ಅಜ್ಜಿ ಉಡಿ ತುಂಬುವಾಗಿನ ಫೋಟೋ ಒಂದಿದೆ, ಸೆರಗಿನ ಅಂಚಿನಿಂದ ನಾಲ್ಕೈದು ಅಕ್ಕಿಕಾಳು ಜಾರುತ್ತಿವೆ, ಅಜ್ಜಿಯ ಕಣ್ಣು ತಂಗಿ ಮೇಲಲ್ಲ, ಬಿದ್ದ ಅಕ್ಕಿ ಮೇಲೆ! ಮನೆಯವರೆಲ್ಲ ನಕ್ಕಿದ್ದೇ ನಕ್ಕಿದ್ದು. ಕುಂದುವಾಡ ಕೆರೆ ಏರಿ ಮೇಲೆ ಸಂಜೆ ತೆಗೆದ ಜೋಡಿ ಫೋಟೋಗಳು ಪರವಾಗಿಲ್ಲ, ಅಂಥವು ಎಲ್ಲರ ಹತ್ತಿರವೂ ಇರುತ್ತವೆ.

ನೆಂಟರು ಸುಮ್ನೆ ಇರಬೇಕಲ್ಲ, ಪಾಪ ಅಂತ ಕ್ಯಾಮೆರಾ ಹಿಡಿಯಲು ಹೋದರು. "ಬ್ಯಾಗ್ ಬೇಕಾದ್ರೆ ಹಿಡ್ಕಳ್ರಿ, ಕ್ಯಾಮೆರಾ ಮುಟ್ಟಬ್ಯಾಡ್ರಿ" ಅಂದರು ಫೋಟೋಗ್ರಾಫರ್. ರೇಟು ಊರಿನ ಬೇರೆ ಸ್ಟುಡಿಯೋಗಳಷ್ಟೇ. ಚಿಕ್ಕಪ್ಪ ಕೈ ನೋಡಿ ಚೌಕಾಸಿಗೆ ಕೂತರು, ನನಗೇ ನಾಚಿಕೆಯಾಯಿತು. "ಫೋಟೋ ಅರ್ಧ ಬರಲ್ಲ ಯಜಮಾನ್ರೇ, ಪೂರ್ತಿನೇ ಬರ್ತವೆ" ಅಂದು ಒಂದು ರೂಪಾಯಿಯೂ ಇಳಿಸಲಿಲ್ಲ.

ಬೇಜಾರಾಗಿದ್ದು ಆಲ್ಬಂ ವಿಷಯದಲ್ಲಿ. ಹೇಳಿದ ತಾರೀಖು ದಾಟಿ ಎಷ್ಟೋ ದಿನಕ್ಕೆ ಬಂತು, ಮೇಲೆ ಮುಖಗಳಿಗೆಲ್ಲ ಬಿಳಿ ಬಳಿದಿದ್ದಾರೆ. ಡಿಸೈನ್ ಹೊರಗೆ ಕೊಡುತ್ತಾರಂತೆ. ಕೊಡಲಿ, ಜವಾಬ್ದಾರಿ ಅವರದೇ ತಾನೆ? ಮಾತಾಡಿದ ಮೇಲೆ ಒರಿಜಿನಲ್ ಫೈಲುಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಟ್ಟರು. ನೀವು ಬುಕ್ ಮಾಡುವಾಗಲೇ ಅದನ್ನು ಕೇಳಿ, ಆಲ್ಬಂ ತಾರೀಖನ್ನು ರಸೀದಿ ಮೇಲೆ ಬರೆಸಿಕೊಳ್ಳಿ.