ಕಾಫಿ ಅಂಗಡಿಯ ಲೆಕ್ಕಕ್ಕೆ ಓಡಿಬಿಸಿ: ಪೋಸ್ಟ್‌ಗ್ರೆಸ್ ಡ್ರೈವರ್ ಹೇಗಿದೆ?

ಚಿಕ್ಕಮಗಳೂರಿನ ಕಾಫಿ ಖರೀದಿ ಅಂಗಡಿಗಳ ಕಂಪ್ಯೂಟರಿನಲ್ಲಿ ಮೂರು ತಲೆಮಾರಿನ ಸಾಫ್ಟ್‌ವೇರ್ ಒಟ್ಟಿಗೆ ಬಾಳ್ವೆ ಮಾಡುವುದು ಅಪರೂಪವಲ್ಲ. ತೂಕದ ಚೀಟಿಗೆ ಆಕ್ಸೆಸ್‌ನಲ್ಲೋ ವಿಷುವಲ್ ಬೇಸಿಕ್ 6ರಲ್ಲೋ ಬರೆದ ಹಳೆಯ ಪ್ರೋಗ್ರಾಂ, ಮಾಲೀಕರು ಬಿಡಲೊಲ್ಲದ ಎಕ್ಸೆಲ್, ಈಚೆಗೆ ಸೇರಿಕೊಂಡ ಪೈಥಾನ್ ವರದಿ. ಈ ಮೂರಕ್ಕೂ ಒಂದೇ ಡೇಟಾಬೇಸ್ ಕಾಣಿಸಬೇಕು ಅಂದರೆ ಮೂರಕ್ಕೂ ಗೊತ್ತಿರುವ ಬಾಗಿಲು ಒಂದೇ, ಓಡಿಬಿಸಿ: ಯಾವ ಪ್ರೋಗ್ರಾಂ ಆದರೂ ಯಾವ ಡೇಟಾಬೇಸ್ ಜೊತೆಗಾದರೂ ಒಂದೇ ರೀತಿ ಮಾತಾಡಲು ಇರುವ ವ್ಯವಸ್ಥೆ. ಮೈಕ್ರೋಸಾಫ್ಟ್ 1992ರಲ್ಲಿ ಹೊರತಂದ ಈ ಇಂಟರ್‌ಫೇಸ್‌ಗೆ ಮೂವತ್ತು ದಾಟಿದೆ. ಆದರೂ ಇದರ ಜಾಗಕ್ಕೆ ಬಂದು ಕೂರುವವರು ಇನ್ನೂ ಯಾರೂ ಇಲ್ಲ.

ಇಲ್ಲಿ ಮುಖ್ಯವಾಗಿ ನೋಡುತ್ತಿರುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ಅಧಿಕೃತ ಓಡಿಬಿಸಿ ಡ್ರೈವರನ್ನು, ಅಂದರೆ ಓಡಿಬಿಸಿಯ ಮಾತನ್ನು ಆ ಡೇಟಾಬೇಸ್‌ಗೆ ತಲುಪಿಸುವ ಪುಟ್ಟ ಸಾಫ್ಟ್‌ವೇರನ್ನು. ದುಡ್ಡು ಕೊಡಬೇಕಿಲ್ಲ, ಎಲ್‌ಜಿಪಿಎಲ್ ಎಂಬ ಮುಕ್ತ ಪರವಾನಗಿ. ಮೈಎಸ್‌ಕ್ಯೂಎಲ್ ಮತ್ತು ಎಸ್‌ಕ್ಯೂಎಲ್ ಸರ್ವರ್ ಎಂಬ ಬೇರೆ ಡೇಟಾಬೇಸ್‌ಗಳ ಡ್ರೈವರ್‌ಗಳನ್ನು ಹೋಲಿಕೆಗಷ್ಟೇ ಕೊನೆಗೆ ತರುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುವುದಾದರೆ, ಡ್ರೈವರ್ ಗಟ್ಟಿ, ಆದರೆ ಅದು ಬರುವ ಸೆಟ್ಟಿಂಗ್ ಮಲೆನಾಡಿಗೆ ಹೊಂದುವುದಿಲ್ಲ. ಕರೆಂಟು ನಿಲ್ಲುವುದಿಲ್ಲ, ನೆಟ್ ಕಡಿಯುವುದಿಲ್ಲ ಎಂದು ನಂಬಿಕೊಂಡ ಸೆಟ್ಟಿಂಗ್ ಅದು.

ಇನ್‌ಸ್ಟಾಲ್ ಮಾಡುವಾಗಲೇ ಮೊದಲ ಎಡವಟ್ಟು, 32 ಬಿಟ್ಟೋ 64 ಬಿಟ್ಟೋ ಎಂಬುದು. ನೋಡಬೇಕಾದದ್ದು ವಿಂಡೋಸ್ ಎಷ್ಟು ಬಿಟ್ ಎಂದಲ್ಲ, ಡೇಟಾಬೇಸ್ ತೆರೆಯುವ ಪ್ರೋಗ್ರಾಂ ಎಷ್ಟು ಬಿಟ್ ಎಂದು. ವಿಷುವಲ್ ಬೇಸಿಕ್ 6ರ ಪ್ರೋಗ್ರಾಂ ಯಾವತ್ತಿಗೂ 32 ಬಿಟ್. ಪಕ್ಕದಲ್ಲೇ ಇರುವ ಪೈಥಾನ್ ಬಹುಪಾಲು 64. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಎರಡೂ ಒಂದೇ ಡ್ರೈವರ್‌ನಲ್ಲಿ ನಡೆಯುವುದಿಲ್ಲ, ಎರಡೂ ಡ್ರೈವರ್ ಹಾಕಬೇಕು. ಗೊಂದಲಕ್ಕೆ ಮೈಕ್ರೋಸಾಫ್ಟ್ ತುಪ್ಪ ಸುರಿದಿದೆ: ‘ಸಿಸ್ಟಂ32’ ಫೋಲ್ಡರ್‌ನಲ್ಲಿರುವ ಓಡಿಬಿಸಿ ಅಡ್ಮಿನಿಸ್ಟ್ರೇಟರ್ (ಸಂಪರ್ಕ ಹೊಂದಿಸುವ ಪರದೆ) 64 ಬಿಟ್‌ನದು, ‘ಸಿಸ್‌ವಾವ್64’ ಫೋಲ್ಡರ್‌ನಲ್ಲಿರುವುದು 32 ಬಿಟ್‌ನದು. ಹೆಸರು ನೋಡಿ ನಂಬಿದವರು ಕೆಟ್ಟರು. ಡಿಎಸ್‌ಎನ್ ಅಂದರೆ ಯಾವ ಡ್ರೈವರ್, ಯಾವ ಸರ್ವರ್ ಎಂದು ಹೆಸರಿಟ್ಟು ಉಳಿಸಿದ ಸಂಪರ್ಕದ ವಿವರ. ಒಬ್ಬ ಬಳಕೆದಾರರಿಗಷ್ಟೇ ಸೇರಿದ ಯೂಸರ್ ಡಿಎಸ್‌ಎನ್ ಎರಡೂ ಕಡೆ ಕಾಣಿಸುತ್ತದೆ, ಆದರೆ ತಪ್ಪು ಕಡೆಯಿಂದ ತೆರೆದರೆ ಐಎಂ014 ಎಂಬ ದೋಷ ಬರುತ್ತದೆ. ಆದ್ದರಿಂದ ಅಂಗಡಿಯ ಕಂಪ್ಯೂಟರಿನಲ್ಲಿ ಇಡೀ ಕಂಪ್ಯೂಟರಿಗೆ ಅನ್ವಯಿಸುವ ಸಿಸ್ಟಂ ಡಿಎಸ್‌ಎನ್ ಮಾಡಿ, ಎರಡೂ ಅಡ್ಮಿನಿಸ್ಟ್ರೇಟರ್‌ನಲ್ಲಿ ಒಂದೇ ಹೆಸರು ಕೊಡುವುದು ಲೇಸು.

ಐಎಂ002 ಬಂದರೆ ವಿಷಯ ಬೇರೆ. ಡಿಎಸ್‌ಎನ್ ಹೆಸರೋ ಡ್ರೈವರ್ ಹೆಸರೋ ತಪ್ಪಾಗಿದೆ ಎಂದರ್ಥ. ಡೇಟಾಬೇಸ್ ಸರ್ವರ್ ತನಕ ಮಾತು ಹೋಗಿಯೇ ಇಲ್ಲ, ನಡುವೆ ಇರುವ ಡ್ರೈವರ್ ಮ್ಯಾನೇಜರ್ ಅಲ್ಲೇ ತಡೆದಿದೆ. ದೇವರು ಕೊಟ್ಟರೂ ಪೂಜಾರಿ ಕೊಡ. ಇಲ್ಲಿ ಫೈರ್‌ವಾಲ್, ಪಾಸ್‌ವರ್ಡ್, ಪೋಸ್ಟ್‌ಗ್ರೆಸ್ ಮಾತಾಡುವ 5432 ಪೋರ್ಟ್ ಎಂದು ಹುಡುಕುತ್ತಾ ಕೂರುವುದು ದಂಡ. ಸಾಮಾನ್ಯ ಕಾರಣ ಒಂದೇ: ಉಬುಂಟುವಿನಲ್ಲಿ ಡ್ರೈವರ್ ಹೆಸರು ‘ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಯುನಿಕೋಡ್’, ವಿಂಡೋಸ್‌ನ 64 ಬಿಟ್‌ನಲ್ಲಿ ಅದೇ ಹೆಸರಿಗೆ ಅಂಟಿಕೊಂಡಂತೆ ಆವರಣದೊಳಗೆ ‘ಎಕ್ಸ್64’ ಇರುತ್ತದೆ, ನಡುವೆ ಖಾಲಿ ಜಾಗವೂ ಇಲ್ಲ. ಒಂದರಿಂದ ಇನ್ನೊಂದಕ್ಕೆ ಕನೆಕ್ಷನ್ ಸ್ಟ್ರಿಂಗ್ (ಸಂಪರ್ಕದ ವಿವರವಿರುವ ಸಾಲು) ನಕಲು ಮಾಡಿದರೆ ಕೆಲಸ ಕೆಟ್ಟಿತು. ಲಿನಕ್ಸ್‌ನಲ್ಲಿ ‘ಲೈಬ್ರರಿ ತೆರೆಯಲಾಗಲಿಲ್ಲ, ಫೈಲ್ ಸಿಗಲಿಲ್ಲ’ ಎಂಬ ದೋಷವನ್ನು ಅಕ್ಷರಶಃ ನಂಬಬೇಡಿ. ಫೈಲ್ ಇದ್ದೂ ಅದು ಅವಲಂಬಿಸಿದ ಇನ್ನೊಂದು ಲೈಬ್ರರಿ ಇಲ್ಲದಿದ್ದರೂ ಇದೇ ಸಂದೇಶ ಬರುತ್ತದೆ. ಎಲ್‌ಡಿಡಿ ಆದೇಶ ಕೊಟ್ಟರೆ ಯಾವುದು ಕಾಣೆಯಾಗಿದೆ ಎಂದು ತಿಳಿಯುತ್ತದೆ.

ಡ್ರೈವರ್ ಜೊತೆ ‘ಆನ್ಸಿ’ ಮತ್ತು ‘ಯುನಿಕೋಡ್’ ಎಂಬ ಎರಡು ರೂಪ ಬರುತ್ತವೆ. ಕನ್ನಡ ಬರೆಯುವವರಿಗೆ ಯುನಿಕೋಡ್ ಬಿಟ್ಟು ಬೇರೆ ದಾರಿಯಿಲ್ಲ. ಆನ್ಸಿಯಲ್ಲಿ ಬೆಳೆಗಾರರ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುವ ಅಪಾಯವಿದೆ, ಹಾಗೆ ಒಮ್ಮೆ ಉಳಿಸಿದ ಹೆಸರು ಮತ್ತೆ ಸಿಗುವುದಿಲ್ಲ. ಕಾಲಂ ಉದ್ದದ ಲೆಕ್ಕವೂ ಇಲ್ಲೇ ಬರುತ್ತದೆ. ‘ಚಿಕ್ಕಮಗಳೂರು’ ಎಂಬಲ್ಲಿ ಕಣ್ಣಿಗೆ ಕಾಣುವುದು 6 ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಗುಣಿತ, ಒತ್ತು ಸೇರಿ 11 ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 33 ಬೈಟ್. ಪೋಸ್ಟ್‌ಗ್ರೆಸ್‌ನ ‘ವರ್‌ಚಾರ್ 20’ ಕಾಲಂ ಬೈಟ್ ಅಲ್ಲ, ಸಂಕೇತಗಳನ್ನು ಎಣಿಸುವುದರಿಂದ ಈ ಹೆಸರು ಆರಾಮಾಗಿ ಹಿಡಿಸುತ್ತದೆ. ಒರಾಕಲ್ ಡೇಟಾಬೇಸ್‌ನ ವರ್‌ಚಾರ್2 ಮೂಲತಃ ಬೈಟ್ ಎಣಿಸುತ್ತದೆ, ಅಲ್ಲಿ 20 ಎಂದು ಬರೆದರೆ ಊರಿನ ಹೆಸರೇ ಹೊರಗೆ. ಹೆಸರಿನ ಕಾಲಂಗೆ 100 ಕೊಟ್ಟುಬಿಡಿ, ಪೋಸ್ಟ್‌ಗ್ರೆಸ್‌ನಲ್ಲಿ ಅದರಿಂದ ಡಿಸ್ಕ್ ಜಾಗವೇನೂ ಹೆಚ್ಚು ಖರ್ಚಾಗುವುದಿಲ್ಲ.

ಹೆಸರಿನ ಮಾತು ಬಂದಾಗಲೇ ಇನ್ನೊಂದು. ಡೇಟಾಬೇಸ್‌ಗೆ ಕಳಿಸುವ ಪ್ರಶ್ನೆಯೊಳಗೆ ಹೆಸರನ್ನು ಅಂಟಿಸಿ ಎಸ್‌ಕ್ಯೂಎಲ್ (ಡೇಟಾಬೇಸ್‌ನ ಭಾಷೆ) ವಾಕ್ಯ ಕಟ್ಟುವ ಹಳೆಯ ಚಾಳಿ ಇರುವ ಪ್ರೋಗ್ರಾಂ ಈ ಜಿಲ್ಲೆಯಲ್ಲಿ ಬೇಗ ಸಿಕ್ಕಿಬೀಳುತ್ತದೆ, ಯಾಕೆಂದರೆ ಡಿ’ಸೋಜಾ ಎಂಬ ಅಡ್ಡಹೆಸರನ್ನು ಇಂಗ್ಲಿಷ್‌ನಲ್ಲಿ ಬರೆದರೆ ನಡುವಿನ ಉದ್ಧರಣ ಚಿಹ್ನೆ ವಾಕ್ಯವನ್ನು ಅಲ್ಲೇ ಕತ್ತರಿಸುತ್ತದೆ. ಹೆಸರಿನಂಥ ಮೌಲ್ಯ ಇರಬೇಕಾದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಮೌಲ್ಯವನ್ನು ಪ್ಯಾರಾಮೀಟರ್ ಆಗಿ ಬೇರೆ ಕಳಿಸಿ. ಹೆಸರಿನ ಜಾಗದಲ್ಲಿ ಆದೇಶ ತೂರಿಸುವ ಕಿಡಿಗೇಡಿಗಳ ಕಾಟಕ್ಕೂ ಅದೇ ಮದ್ದು.

ಈಗ ಬದಲಿಸಲೇಬೇಕಾದ ಸೆಟ್ಟಿಂಗ್‌ಗಳು. ಡಿಎಸ್‌ಎನ್ ಕಿಟಕಿಯಲ್ಲಿ ‘ಡೇಟಾಸೋರ್ಸ್’ ಗುಂಡಿ ಒತ್ತಿದರೆ ಸಿಗುತ್ತವೆ.

‘ಯೂಸ್ ಡಿಕ್ಲೇರ್ ಫೆಚ್’ ಮೊದಲಿಗೆ ಆಫ್ ಇರುತ್ತದೆ. ಅಂದರೆ ದಾಖಲೆ ಕೇಳುವ ಸೆಲೆಕ್ಟ್ ಆದೇಶ ಕೊಟ್ಟಾಗ ಉತ್ತರದ ಅಷ್ಟೂ ಸಾಲು ಕಂಪ್ಯೂಟರಿನ ಮೆಮೊರಿಗೆ ಬಂದು ಬಿದ್ದ ಮೇಲೆಯೇ ಮೊದಲ ಸಾಲು ಪರದೆಗೆ ಬರುತ್ತದೆ. ಒಂದು ಸೀಸನ್ನಿನ ಚೀಟಿಗಳಿಗೆ ತೊಂದರೆಯಿಲ್ಲ. ಹತ್ತಾರು ವರ್ಷದ ಚೀಟಿಗಳನ್ನು ಹಳೆಯ 32 ಬಿಟ್ ಪ್ರೋಗ್ರಾಂ ಕೇಳಿದರೆ, ಅದಕ್ಕೆ ಸಾಮಾನ್ಯವಾಗಿ ಸಿಗುವುದೇ 2 ಜಿಬಿ ಜಾಗವಾದ್ದರಿಂದ, ಉಸಿರುಗಟ್ಟುತ್ತದೆ. ಇದನ್ನು ಆನ್ ಮಾಡಿದರೆ ಕಂತಿಗೆ 100 ಸಾಲಿನಂತೆ ತರುತ್ತದೆ. ಕಂತನ್ನು 1000ಕ್ಕೆ ಏರಿಸಿದರೆ ದೂರದ ಸರ್ವರ್‌ಗೆ ಓಡಾಟ ಕಡಿಮೆಯಾಗುತ್ತದೆ. ಅಡ್ಡಪರಿಣಾಮವೂ ಉಂಟು: ಪಟ್ಟಿ ಪೂರ್ತಿ ಓದಿ ಮುಗಿಯುವ ತನಕ ಟ್ರಾನ್ಸಾಕ್ಷನ್ (ಒಟ್ಟಿಗೆ ಉಳಿಯುವ ಇಲ್ಲವೇ ಒಟ್ಟಿಗೆ ರದ್ದಾಗುವ ಆದೇಶಗಳ ಗುಂಪು) ತೆರೆದೇ ಇರುತ್ತದೆ. ಪರದೆ ತೆರೆದಿಟ್ಟು ಊಟಕ್ಕೆ ಹೋದರೆ ಹಳೆಯ ಸಾಲುಗಳನ್ನು ಗುಡಿಸುವ ವ್ಯಾಕ್ಯೂಮ್ ಕೆಲಸ ಅಷ್ಟು ಹೊತ್ತು ಹಿಂದೆ ಬೀಳುತ್ತದೆ.

ಆಕ್ಸೆಸ್‌ನಲ್ಲಿ ಟೇಬಲ್ ಲಿಂಕ್ ಮಾಡಿಕೊಂಡವರಿಗೆ ‘ರೋ ವರ್ಷನಿಂಗ್’ ಆನ್ ಇರಬೇಕು. ಇಲ್ಲದಿದ್ದರೆ ಆಕ್ಸೆಸ್ ಒಂದು ಸಾಲು ಬದಲಿಸುವಾಗ ಹಳೆಯ ಮೌಲ್ಯಗಳನ್ನೆಲ್ಲ ಹೋಲಿಸಿ ನೋಡುತ್ತದೆ. ಮೈಕ್ರೋಸೆಕೆಂಡ್ ಇರುವ ಸಮಯ, ದಶಮಾಂಶವನ್ನು ಸುಮಾರಾಗಿ ಹಿಡಿದಿಡುವ ಫ್ಲೋಟ್ ಮಾದರಿಯ ತೂಕ ಎರಡರಲ್ಲೂ ಹೋಲಿಕೆ ತಪ್ಪಿ, ಅಂಗಡಿಯಲ್ಲಿ ಇನ್ನೊಬ್ಬರೇ ಇಲ್ಲದಿದ್ದರೂ ‘ಬೇರೆ ಬಳಕೆದಾರರು ಬದಲಿಸಿದ್ದಾರೆ’ ಎಂದು ಗಲಾಟೆ ಎಬ್ಬಿಸುತ್ತದೆ. ಅದರ ಜೊತೆಗೇ ‘ಬೂಲ್ಸ್ ಆ್ಯಸ್ ಚಾರ್’ ಆಫ್ ಮಾಡಿ, ‘ಟ್ರೂ ಈಸ್ -1’ ಆನ್ ಮಾಡಿ. ಆಕ್ಸೆಸ್‌ಗೆ ಹೌದು ಅಂದರೆ ಒಂದಲ್ಲ, ಮೈನಸ್ ಒಂದು. ಚೀಲದ ತೂಕಕ್ಕೆ ಫ್ಲೋಟ್ ಬದಲು ನ್ಯೂಮರಿಕ್ 10,3 (ಒಟ್ಟು 10 ಅಂಕಿ, ಅದರಲ್ಲಿ 3 ದಶಮಾಂಶ) ಇಡುವುದು ಹೇಗೂ ಒಳ್ಳೆಯದು. 50 ಕೆಜಿ ಚೀಲದ ಲೆಕ್ಕದಲ್ಲಿ ದರ ಕಟ್ಟುವ ವ್ಯಾಪಾರದಲ್ಲಿ ಪೈಸೆ ಹೆಚ್ಚುಕಮ್ಮಿಯಾದರೆ ಉತ್ತರ ಕೊಡಬೇಕಾದವರು ಗುಮಾಸ್ತರು.

‘ಲೆವೆಲ್ ಆಫ್ ರೋಲ್‌ಬ್ಯಾಕ್ ಆನ್ ಎರರ್ಸ್’ ಎಂಬುದರಲ್ಲಿ ಮೂರು ಆಯ್ಕೆ. ಪೋಸ್ಟ್‌ಗ್ರೆಸ್‌ನ ಸ್ವಭಾವ ಏನೆಂದರೆ ಟ್ರಾನ್ಸಾಕ್ಷನ್ ನಡುವೆ ಒಂದು ಆದೇಶ ತಪ್ಪಿದರೂ ಮುಂದಿನದನ್ನೆಲ್ಲ 25ಪಿ02 ಎಂದು ತಿರಸ್ಕರಿಸುತ್ತದೆ. ಮೈಎಸ್‌ಕ್ಯೂಎಲ್‌ನಿಂದ ಬಂದ ಪ್ರೋಗ್ರಾಂಗಳು ಇಲ್ಲಿ ಕಂಗಾಲಾಗುತ್ತವೆ. ‘ಸ್ಟೇಟ್‌ಮೆಂಟ್’ ಆಯ್ಕೆ ಮಾಡಿದರೆ ಡ್ರೈವರ್ ತಾನೇ ಸೇವ್‌ಪಾಯಿಂಟ್ ಎಂಬ ಗುರುತು ಹಾಕಿ ತಪ್ಪಿದ ಆದೇಶವನ್ನಷ್ಟೇ ಹಿಂತೆಗೆಯುತ್ತದೆ. ಕೈಯಿಂದ ನಮೂದಿಸುವ ಪರದೆಗೆ ಇದು ಸರಿ. ರಾಶಿ ದಾಖಲೆ ತುಂಬುವಾಗ ಸೇವ್‌ಪಾಯಿಂಟ್‌ಗಳ ಭಾರ ಬೀಳುತ್ತದೆ, ಆಗ ‘ಟ್ರಾನ್ಸಾಕ್ಷನ್’ ಇರಲಿ.

ಇಷ್ಟಾದ ಮೇಲೂ ನಿಜವಾದ ಪರೀಕ್ಷೆ ಮಳೆಗಾಲದ್ದು. ಮೂಡಿಗೆರೆ ಅಥವಾ ಕಳಸದ ಶಾಖೆಯಿಂದ ಚಿಕ್ಕಮಗಳೂರಿನ ಸರ್ವರ್‌ಗೆ ಚೀಟಿ ಕಳಿಸಿದಿರಿ, ದಾಖಲೆಯನ್ನು ಖಾಯಂ ಮಾಡುವ ಕಮಿಟ್ ಆದೇಶ ಹೋದ ಹೊತ್ತಿಗೆ ಲೈನ್ ಕಡಿಯಿತು, 08ಎಸ್01 ದೋಷ ಬಂತು. ಚೀಟಿ ಉಳಿಯಿತೋ ಇಲ್ಲವೋ? ಡ್ರೈವರ್‌ಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಕಮಿಟ್ ಸರ್ವರ್ ಮುಟ್ಟುವ ಮುಂಚೆ ಕಡಿದರೂ, ಮುಟ್ಟಿ ಉತ್ತರ ಬರುವಾಗ ಕಡಿದರೂ ದೋಷ ಒಂದೇ. ಕಣ್ಣುಮುಚ್ಚಿ ಮತ್ತೊಮ್ಮೆ ಕಳಿಸಿದರೆ ಒಂದೇ ಲೋಡ್ ಪಾರ್ಚ್‌ಮೆಂಟ್ ಕಾಫಿಗೆ ಎರಡು ಬಾರಿ ಹಣ. ಪರಿಹಾರ ಡ್ರೈವರ್‌ನಲ್ಲಿಲ್ಲ, ಟೇಬಲ್‌ನಲ್ಲಿದೆ: ಶಾಖೆ, ಸೀಸನ್, ಚೀಟಿ ಸಂಖ್ಯೆ ಮೂರೂ ಸೇರಿ ಯೂನಿಕ್ (ಎರಡನೇ ಬಾರಿ ಬರುವಂತಿಲ್ಲ) ಎಂದು ಕಟ್ಟಿ, ಚೀಟಿ ಸಂಖ್ಯೆಯನ್ನು ಶಾಖೆಯಲ್ಲೇ ಕೊಟ್ಟು, ಸಾಲು ಸೇರಿಸುವ ಇನ್ಸರ್ಟ್ ಆದೇಶದ ಜೊತೆ ‘ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್’ ಸೇರಿಸಿ. ಆಮೇಲೆ ಹತ್ತು ಸಲ ಕಳಿಸಿದರೂ ಚೀಟಿ ಒಂದೇ.

ಇನ್ನೊಂದು ಬದಿಯ ಸಮಸ್ಯೆ ಇದಕ್ಕಿಂತ ಮೋಸದ್ದು. ಶಾಖೆಯ ಯುಪಿಎಸ್ ಕೈಕೊಟ್ಟು ಕಂಪ್ಯೂಟರ್ ಸತ್ತರೆ ಸರ್ವರ್‌ಗೆ ಯಾರೂ ಸುದ್ದಿ ಮುಟ್ಟಿಸುವುದಿಲ್ಲ. ಅರ್ಧಕ್ಕೆ ನಿಂತ ಟ್ರಾನ್ಸಾಕ್ಷನ್ ಹಿಡಿದ ಲಾಕ್ (ಬೇರೆಯವರು ಆ ಸಾಲು ಬದಲಿಸದಂತೆ ಹಾಕಿದ ಬೀಗ) ಹಾಗೇ ಉಳಿಯುತ್ತದೆ. ಲಿನಕ್ಸ್‌ನಲ್ಲಿ ಟಿಸಿಪಿ ಕೀಪ್‌ಅಲೈವ್ (ಆ ಬದಿ ಇನ್ನೂ ಜೀವಂತವೇ ಎಂಬ ತಪಾಸಣೆ) ಮೊದಲ ಬಾರಿ ತಟ್ಟುವುದೇ 7200 ಸೆಕೆಂಡ್ ಆದ ಮೇಲೆ. ಎರಡು ಗಂಟೆ ಬೇರೆ ಕೌಂಟರ್‌ನಲ್ಲಿ ಅದೇ ಬೆಳೆಗಾರರ ಖಾತೆ ತಿದ್ದಲು ಹೋದರೆ ಪರದೆ ಅಲುಗಾಡುವುದಿಲ್ಲ, ಬೈಗುಳ ತಿನ್ನುವುದು ಸಾಫ್ಟ್‌ವೇರ್. ಸರ್ವರ್‌ನ ಕಾನ್ಫಿಗ್‌ನಲ್ಲಿ ಕೀಪ್‌ಅಲೈವ್ ಐಡಲ್ 60, ಇಂಟರ್‌ವಲ್ 10, ಕೌಂಟ್ 3 ಎಂದಿಟ್ಟರೆ ಸುಮಾರು 90 ಸೆಕೆಂಡಿಗೆ ಸತ್ತ ಸಂಪರ್ಕ ತೆರವಾಗುತ್ತದೆ. ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನಿರುವವರಿಗೆ ಸರ್ವರ್‌ನಲ್ಲಿ ಪ್ರತ್ಯೇಕ ಗಡುವು ಇಡಬಹುದು, ಪೋಸ್ಟ್‌ಗ್ರೆಸ್ 9.6ರಿಂದ ಆ ಸೌಲಭ್ಯವಿದೆ. 10 ನಿಮಿಷ ಸಾಕು, ಮೇಲೆ ಹೇಳಿದ ಊಟದ ಸಮಸ್ಯೆಗೂ ಇದೇ ಬೇಲಿ. ಡಿಎಸ್‌ಎನ್‌ನ ‘ಕನೆಕ್ಟ್ ಸೆಟ್ಟಿಂಗ್ಸ್’ ಚೌಕದಲ್ಲಿ ಸ್ಟೇಟ್‌ಮೆಂಟ್ ಟೈಮ್‌ಔಟ್ 30000 ಎಂದು ಬರೆದರೆ 30 ಸೆಕೆಂಡು ದಾಟಿದ ಪ್ರಶ್ನೆ ತಾನೇ ನಿಲ್ಲುತ್ತದೆ. ಶಾಖೆ ದೂರವಿದ್ದರೆ ವಿಪಿಎನ್ ಒಳಗೇ ಓಡಿಸಿ. 5432 ಪೋರ್ಟನ್ನು ಇಂಟರ್‌ನೆಟ್‌ಗೆ ಬಿಚ್ಚಿಡುವುದು ಗೋದಾಮಿನ ಬಾಗಿಲು ತೆರೆದು ಮಲಗಿದ ಹಾಗೆ.

ರಾಶಿ ದಾಖಲೆ ತುಂಬುವುದರಲ್ಲಿ ಈ ಡ್ರೈವರ್‌ಗೆ ಪೂರ್ತಿ ಅಂಕ ಕೊಡಲಾರೆ. ಒಂದು ಹೋಗಿಬರುವಿಕೆಗೆ 40 ಮಿಲಿಸೆಕೆಂಡ್ ಹಿಡಿಯುವ ಕ್ಲೌಡ್ ಸರ್ವರ್‌ಗೆ 10,000 ಸಾಲನ್ನು ಒಂದೊಂದಾಗಿ ಕಳಿಸಿದರೆ ದಾರಿಯಲ್ಲೇ 400 ಸೆಕೆಂಡ್ ಕಳೆಯುತ್ತದೆ. ಒಂದೇ ಇನ್ಸರ್ಟ್‌ನಲ್ಲಿ ನೂರಾರು ಸಾಲು ಸೇರಿಸಬೇಕು. ಒಂದು ಆದೇಶಕ್ಕೆ ಪ್ಯಾರಾಮೀಟರ್ ಮಿತಿ ಪೋಸ್ಟ್‌ಗ್ರೆಸ್‌ನಲ್ಲಿ 65,535, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಬರೀ 2,100. 8 ಕಾಲಂ ಟೇಬಲ್‌ಗೆ ಎರಡನೆಯದರಲ್ಲಿ 262 ಸಾಲಿಗೇ ಮುಗಿಯಿತು. ಹಳೆಯ ವರ್ಷಗಳ ದಾಖಲೆ ಒಮ್ಮೆ ತುಂಬುವುದಾದರೆ ಓಡಿಬಿಸಿಯನ್ನು ಬದಿಗಿಟ್ಟು ಪೋಸ್ಟ್‌ಗ್ರೆಸ್‌ನ ಕಮಾಂಡ್ ಲೈನ್‌ನಿಂದ ಕಾಪಿ ಆದೇಶ ಬಳಸಿ. ಪೈಥಾನ್‌ನಿಂದ ಓಡಿಬಿಸಿ ಬಳಸುವ ಪೈಓಡಿಬಿಸಿ ಲೈಬ್ರರಿಯಲ್ಲಿ ಕಮಿಟ್ ಮರೆತರೆ ಕನೆಕ್ಷನ್ ಮುಚ್ಚುವಾಗ ಎಲ್ಲವೂ ರೋಲ್‌ಬ್ಯಾಕ್ ಆಗಿ ರದ್ದಾಗುತ್ತದೆ ಎಂಬುದೂ ನೆನಪಿರಲಿ. ಓಡಿಬಿಸಿಯ ಮೂಲ ನಡೆ ಆಟೋಕಮಿಟ್ (ಪ್ರತಿ ಆದೇಶವೂ ತಾನೇ ಖಾಯಂ ಆಗುವುದು) ಆನ್, ಪೈಓಡಿಬಿಸಿಯದು ಆಫ್.

ಪಕ್ಕದ ಮನೆಯವರು ಹೇಗೆ? ಮೈಎಸ್‌ಕ್ಯೂಎಲ್‌ನ ಡ್ರೈವರ್ ಕೂಡ ಪೂರ್ತಿ ಉತ್ತರವನ್ನು ಮೆಮೊರಿಗೆ ಎಳೆದುಕೊಳ್ಳುವ ಜಾತಿಯದೇ. ಅದರ ದೊಡ್ಡ ಕಿರಿಕಿರಿ ಸರ್ವರ್‌ನ 28,800 ಸೆಕೆಂಡಿನ, ಅಂದರೆ 8 ಗಂಟೆಯ ಗಡುವು. ಹಾಸನದ ಹಾರ್ಡ್‌ವೇರ್ ಅಂಗಡಿಯಲ್ಲಿ ರಾತ್ರಿ 8ಕ್ಕೆ ಪ್ರೋಗ್ರಾಂ ತೆರೆದಿಟ್ಟೇ ಬಾಗಿಲು ಹಾಕಿ ಬೆಳಿಗ್ಗೆ 9ಕ್ಕೆ ತೆರೆದರೆ ಮೊದಲ ಬಿಲ್ಲಿಗೇ ‘ಸರ್ವರ್ ಹೊರಟುಹೋಗಿದೆ’ ಎಂಬ 2006 ಸಂಖ್ಯೆಯ ದೋಷ. ಇದಕ್ಕೆ ಗಡುವು ಏರಿಸುವುದಕ್ಕಿಂತ ದೋಷ ಬಂದಾಗ ಹೊಸದಾಗಿ ಕನೆಕ್ಟ್ ಆಗುವಂತೆ ಬರೆಯುವುದು ಸರಿಯಾದ ದಾರಿ. ಎಸ್‌ಕ್ಯೂಎಲ್ ಸರ್ವರ್‌ನ ಡ್ರೈವರ್ ಮೂರರಲ್ಲಿ ಹೆಚ್ಚು ನಯವಾದದ್ದು, ರಾಶಿ ದಾಖಲೆಯಲ್ಲಿ ಮುಂದೆ. ಆದರೆ 17ರಿಂದ 18ನೇ ಆವೃತ್ತಿಗೆ ಹೋದವರಿಗೆ ಎನ್‌ಕ್ರಿಪ್ಷನ್ ಕಡ್ಡಾಯವಾಗಿ, ಸ್ವಂತ ಸಹಿಯ ಸರ್ಟಿಫಿಕೇಟ್ ಇರುವ ಸರ್ವರನ್ನು ಡ್ರೈವರ್ ಒಮ್ಮೆಲೇ ಒಲ್ಲೆ ಅನ್ನುತ್ತದೆ. ಸರ್ವರ್‌ಗೆ ನೆಟ್ಟಗಿನ ಸರ್ಟಿಫಿಕೇಟ್ ಹಾಕಬೇಕೇ ಹೊರತು ‘ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್’ ಎಂದು ಬರೆದು ಕಣ್ಣು ಮುಚ್ಚಿಕೊಳ್ಳಬಾರದು. ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ರೂಪವಾದ ಎಕ್ಸ್‌ಪ್ರೆಸ್‌ನಲ್ಲಿ 2022ರ ಆವೃತ್ತಿಯವರೆಗೆ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ. ಕನ್ನಡಕ್ಕೆ ಅಲ್ಲಿ ಎನ್‌ವರ್‌ಚಾರ್ ಕಾಲಂ ಬಳಸಿ.

ಎಲ್ಲವೂ ಪೈಥಾನ್‌ನಲ್ಲೇ ಇರುವ ಕಡೆ ಓಡಿಬಿಸಿ ಬೇಕಿಲ್ಲ, ಸೈಕಾಪಿಜಿ ಎಂಬ ಲೈಬ್ರರಿ ಪೋಸ್ಟ್‌ಗ್ರೆಸ್ ಜೊತೆ ನೇರವಾಗಿ ಮಾತಾಡುತ್ತದೆ. ಜಾವಾದವರಿಗೆ ಓಡಿಬಿಸಿಯಂಥದ್ದೇ ಜೆಡಿಬಿಸಿ ಇದೆ. ಹಳೆಯ ಜೆಡಿಬಿಸಿ-ಓಡಿಬಿಸಿ ಬ್ರಿಜ್ ನೆಚ್ಚಿ ಕೂತ ಪ್ರೋಗ್ರಾಂಗಳಿಗೆ ಜಾವಾ 8ರಿಂದ ಆ ದಾರಿ ಮುಚ್ಚಿದೆ.

ಸರ್ವರ್ ಮೇಲ್ದರ್ಜೆಗೇರಿಸುವ ಮುನ್ನ ಅಂಗಡಿಯ ಪ್ರತಿ ಕಂಪ್ಯೂಟರಿನ ಡ್ರೈವರ್ ಆವೃತ್ತಿ ಬರೆದಿಟ್ಟುಕೊಳ್ಳಿ. ಪೋಸ್ಟ್‌ಗ್ರೆಸ್ 14ರಿಂದ ಹೊಸ ಪಾಸ್‌ವರ್ಡ್‌ಗಳು ಮೊದಲಿಗೇ ಸ್ಕ್ರಾಮ್ ಎಂಬ ಹೆಚ್ಚು ಭದ್ರ ವಿಧಾನದಲ್ಲಿ ಉಳಿಯುತ್ತವೆ. ತೀರಾ ಹಳೆಯ ಡ್ರೈವರ್ ಅದಕ್ಕೆ ‘ಅಥೆಂಟಿಕೇಷನ್ ವಿಧಾನ 10 ಗೊತ್ತಿಲ್ಲ’ ಎಂದು ಕೈಯೆತ್ತುತ್ತದೆ. ಡ್ರೈವರ್‌ಗಳನ್ನು ಮೊದಲು ಬದಲಿಸಿ, ಸರ್ವರನ್ನು ಆಮೇಲೆ. ಕೊಯ್ಲು ಜೋರಾಗಿರುವ ಡಿಸೆಂಬರ್, ಜನವರಿಯಲ್ಲಂತೂ ಎರಡಕ್ಕೂ ಕೈ ಹಾಕಬೇಡಿ.