ಎದೆ ಮೇಲಿನ ಹೊಲಿಗೆ ಗೆರೆ: ಟೇಪ್, ಜೆಲ್, ಶೀಟ್, ಸೂಜಿ, ಮತ್ತೆ ಬ್ಲೌಸಿನ ಕುತ್ತಿಗೆ

ನನ್ನ ಎದೆ ನಡುವೆ ಒಂದು ಗೆರೆ ಇದೆ. ಗಂಟಲ ಗುಳಿಯಿಂದ ಎರಡು ಬೆರಳು ಕೆಳಗೆ ಶುರುವಾಗಿ ಹೊಟ್ಟೆ ಶುರುವಾಗುವಲ್ಲಿ ಮುಗಿಯುತ್ತದೆ. ಅಳೆದರೆ 18 ಸೆಂಟಿಮೀಟರ್. ಮೂರು ವರ್ಷದ ಹಿಂದೆ, ನನಗೆ 31 ಆಗಿದ್ದಾಗ, ಬೆಂಗಳೂರಿನಲ್ಲಿ ನನ್ನ ಹೃದಯದ ಮೈಟ್ರಲ್ ವಾಲ್ವ್, ಅಂದರೆ ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಬಾಗಿಲು, ತೆಗೆದು ಲೋಹದ ವಾಲ್ವ್ ಹಾಕಿದರು. ಚಿಕ್ಕಂದಿನಲ್ಲಿ ಗಂಟಲು ನೋವಿನ ಹಿಂದೆಯೇ ಕೀಲುಗಳು ಊದಿಕೊಂಡು ಜ್ವರ ಬಂದಿತ್ತಂತೆ. ಅದು ರುಮ್ಯಾಟಿಕ್ ಜ್ವರ. ಅದು ವಾಲ್ವನ್ನು ಕೆಡಿಸಿದ್ದು ಇಪ್ಪತ್ತು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಎರಡನೇ ಸಲ ಬಸುರಿಯಾದಾಗ ಮೆಟ್ಟಿಲು ಹತ್ತಲು ಉಸಿರು ಸಾಲದೆ ಹೋಯಿತು, ಆಗ ಗೊತ್ತಾಯಿತು.

ಮನೆಗೆ ಕಳಿಸುವಾಗ ಆಸ್ಪತ್ರೆಯಲ್ಲಿ ತುಂಬಾ ವಿಷಯ ಹೇಳಿದರು. ಕೆಮ್ಮು ಬಂದರೆ ದಿಂಬು ಅಪ್ಪಿಕೊಳ್ಳಿ. ಎದೆಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು, ತುಂಬಿದ ಕೊಡ ಎತ್ತಬೇಡಿ, ಮಗುವನ್ನು ಕೂತೇ ಎತ್ತಿಕೊಳ್ಳಿ. ಗೆರೆ ಬಗ್ಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಜೀವ ಉಳಿದಿದೆ, ಇನ್ನು ಚರ್ಮದ ಮಾತು ಎತ್ತುವುದು ಹೇಗೆ ಅನ್ನುವ ಸಂಕೋಚ. ನೀವು ಹಾಗೆ ಮಾಡಬೇಡಿ. ಮೊದಲ ದಿನವೇ ಕೇಳಿ. ಯಾಕೆಂದರೆ ಈ ಗೆರೆ ಬರೀ ನೋಟದ ವಿಷಯ ಅಲ್ಲ. ನನ್ನದು ಮೂರನೇ ತಿಂಗಳಿಗೆ ಕೆಂಪಾಗಿ ಉಬ್ಬಿತು. ರಾತ್ರಿ ಹನ್ನೆರಡಕ್ಕೆ ಎದ್ದು ಕೂತು ಒದ್ದೆ ಬಟ್ಟೆ ಒತ್ತಿಕೊಳ್ಳುವಷ್ಟು ತುರಿಕೆ.

ಎದೆ ನಡುವಿನ ಚರ್ಮ ಸದಾ ಎರಡೂ ಕಡೆಗೆ ಎಳೆಸಿಕೊಳ್ಳುತ್ತಲೇ ಇರುತ್ತದೆ. ಉಸಿರಾಡಿದರೂ ಎಳೆತ, ಕೈ ಎತ್ತಿದರೂ ಎಳೆತ. ಹಾಗಾಗಿ ಇಲ್ಲಿನ ಕಲೆಗಳು ದಪ್ಪ ಆಗುವುದು ಜಾಸ್ತಿ. ಉಬ್ಬು ಹೊಲಿಗೆಯ ಗಡಿಯೊಳಗೇ ಇದ್ದರೆ ಅದು ಬರೀ ಉಬ್ಬಿದ ಕಲೆ, ದಿನ ಕಳೆದಂತೆ ತಗ್ಗಬಹುದು. ಗಡಿ ದಾಟಿ ಪಕ್ಕದ ಒಳ್ಳೆ ಚರ್ಮಕ್ಕೂ ಹರಡಿದರೆ ಅದನ್ನು ಕೀಲಾಯ್ಡ್ ಅನ್ನುತ್ತಾರೆ. ಅದು ತಾನಾಗಿ ಹೋಗುವುದು ಅಪರೂಪ. ನನ್ನ ಗೆರೆಯಲ್ಲಿ ಎರಡೂ ಇದ್ದವು. ಉಬ್ಬಿದ್ದರಲ್ಲಿ ಹೆಚ್ಚಿನ ಭಾಗ ಮೊದಲನೇ ಬಗೆ, ಕೆಳತುದಿಯ ಒಂದು ಗಂಟು ಎರಡನೇ ಬಗೆ.

ಎಣ್ಣೆಗಳ ಮಾತು ಬೇಗ ಮುಗಿಸುತ್ತೇನೆ. ಅತ್ತೆ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಕೊಟ್ಟರು. ಪ್ರೀತಿಯಿಂದ ಕೊಟ್ಟಿದ್ದು, ಹಚ್ಚಿಕೊಂಡೆ. ಚರ್ಮ ಮೆತ್ತಗಾಯಿತು, ಒಣ ತುರಿಕೆ ಒಂದಿಷ್ಟು ಕಡಿಮೆ ಆಯಿತು, ಉಬ್ಬು ಇದ್ದ ಹಾಗೇ ಇತ್ತು. ಯಾರೋ ಹೇಳಿದರು ಅಂತ ವಿಟಮಿನ್ ಇ ಗುಳಿಗೆ ಒಡೆದು ಹಚ್ಚಿದೆ, ಮೂರೇ ದಿನಕ್ಕೆ ದದ್ದು ಎದ್ದಿತು. ಕೆಲವರ ಚರ್ಮಕ್ಕೆ ಅದು ಆಗುವುದೇ ಇಲ್ಲ, ನನ್ನದೂ ಅಂಥದ್ದೇ. ಗಾಯ ಪೂರ್ತಿ ಮುಚ್ಚಿ, ಹಕ್ಕಳೆ ತಾನಾಗಿ ಉದುರುವವರೆಗೆ ಮಾತ್ರ ಏನನ್ನೂ ಹಚ್ಚಬೇಡಿ. ಕೀವು, ಜ್ವರ, ಮೂಳೆಯಲ್ಲಿ ಟಕ್ ಅನ್ನುವ ಸದ್ದು, ಇವುಗಳಲ್ಲಿ ಒಂದು ಕಂಡರೂ ಆಪರೇಷನ್ ಮಾಡಿದವರ ಹತ್ತಿರವೇ ಓಡಿ.

ಇನ್ನು ಟೇಪ್. ಆರನೇ ವಾರ ತೋರಿಸಲು ಹೋದಾಗ ಡ್ರೆಸಿಂಗ್ ಮಾಡುವ ಸಿಸ್ಟರ್ ಒಬ್ಬರು ತಾವಾಗಿಯೇ ಹೇಳಿಕೊಟ್ಟರು. ಮೆಡಿಕಲ್ ಶಾಪಿನಲ್ಲಿ ಸಿಗುವ ಕಾಗದದ ಟೇಪ್, ಮೈಕ್ರೋಪೋರ್ ಅಂತೀವಲ್ಲ, ಅದನ್ನು ಗೆರೆಯ ಉದ್ದಕ್ಕೂ ಅಂಟಿಸಿ ಮೂರು ನಾಲ್ಕು ದಿನ ಬಿಡುವುದು. ಸ್ನಾನಕ್ಕೂ ತೆಗೆಯಬೇಕಿಲ್ಲ, ಮೇಲೆ ಒರೆಸಿದರೆ ಒಣಗುತ್ತದೆ. ಚರ್ಮದ ಎಳೆತವನ್ನು ಟೇಪ್ ತಾನು ತಡೆದುಕೊಳ್ಳುತ್ತದೆ, ಅಷ್ಟೇ ಅದರ ಕೆಲಸ. ಇಷ್ಟು ಅಗ್ಗದ್ದು ಏನು ಮಾಡೀತು ಅಂದುಕೊಂಡಿದ್ದೆ. ಆದರೆ ಗೆರೆಯ ಮೇಲಿನ ಅರ್ಧದಲ್ಲಿ ಟೇಪ್ ನಿಂತಿತು, ಆ ಅರ್ಧ ಇವತ್ತಿಗೂ ಚಪ್ಪಟೆ. ಕೆಳಗಿನ ಅರ್ಧದಲ್ಲಿ ಬ್ರಾ ತಿಕ್ಕಿ ತಿಕ್ಕಿ ಟೇಪ್ ಎದ್ದು ಬರುತ್ತಿತ್ತು, ಅಲ್ಲೇ ಉಬ್ಬಿದ್ದು. ಎದೆಯ ಭಾರ ಎಳೆಯುವುದೂ ಅಲ್ಲೇ, ಅದಕ್ಕೇ ಎಲ್ಲಾ ಶ್ರೇಯಸ್ಸು ಟೇಪಿಗೇ ಕೊಡಲಾರೆ. ಆದರೂ ಯಾರಾದರೂ ನನ್ನನ್ನು ಕೇಳಿದರೆ ಮೊದಲು ಹೇಳುವುದು ಇದನ್ನೇ. ಜೊತೆಗೆ ಮುಂದೆ ಹುಕ್ ಇರುವ, ತಂತಿ ಇಲ್ಲದ, ಅಗಲ ಪಟ್ಟಿಯ ಹತ್ತಿ ಬ್ರಾ. ಅದನ್ನು ಮೊದಲ ವಾರದಿಂದಲೇ ಹಾಕಿದ್ದರೆ ಕೆಳಗಿನ ಅರ್ಧ ಇಷ್ಟು ಕಾಡುತ್ತಿರಲಿಲ್ಲ ಅಂತ ನನಗೆ ಈಗಲೂ ಅನಿಸುತ್ತದೆ.

ಉಬ್ಬಿದ ಭಾಗಕ್ಕೆ ಚರ್ಮದ ಡಾಕ್ಟರ್ ಸಿಲಿಕೋನ್ ಬರೆದರು. ಅದರಲ್ಲಿ ಎರಡು ರೂಪ: ಟ್ಯೂಬಿನ ಜೆಲ್, ಅಂಟುವ ಶೀಟ್. ಎರಡೂ ಮಾಡುವುದು ಒಂದೇ, ಕಲೆಯೊಳಗಿನ ತೇವ ಆರಿ ಹೋಗದಂತೆ ಹಿಡಿದಿಡುವುದು. ನಾನು ಎರಡು ತಿಂಗಳು ಒಂದನ್ನು, ಎರಡು ತಿಂಗಳು ಇನ್ನೊಂದನ್ನು ಬಳಸಿ ನೋಡಿದೆ.

ಶೀಟನ್ನು ಕತ್ತರಿಯಿಂದ ಗೆರೆಯ ಅಳತೆಗೆ ಕತ್ತರಿಸಿ ಅಂಟಿಸಬೇಕು. ದಿನಕ್ಕೆ ಕಡಿಮೆ ಅಂದರೂ 12 ಗಂಟೆ ಇರಬೇಕು. ರಾತ್ರಿ ತೆಗೆದು, ಸೋಪಿನ ನೀರಲ್ಲಿ ತೊಳೆದು, ಗಾಳಿಗೆ ಆರಿಸಿ ಮತ್ತೆ ಅಂಟಿಸಬಹುದು. ನನಗೆ ಒಂದು ತುಂಡು ಮೂರು ವಾರ ಬಂತು. ಅಂಟಿಸಿದ ಹತ್ತೇ ದಿನಕ್ಕೆ ತುರಿಕೆ ಇಳಿದದ್ದು ನನಗೆ ಮರೆಯುವ ಹಾಗಿಲ್ಲ. ಆಪರೇಷನ್ ಆದಮೇಲೆ ಬೆಳಗಿನವರೆಗೆ ಮಲಗಿದ್ದು ಆವತ್ತೇ ಮೊದಲು. ಆದರೆ ನಮ್ಮ ದಾವಣಗೆರೆಯ ಬೇಸಿಗೆ ನಿಮಗೆ ಗೊತ್ತಲ್ವಾ? ನಾನು ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಅಂಟಿಸಿದ ಶೀಟ್ ಮೂರನೇ ಪೀರಿಯಡ್ ಹೊತ್ತಿಗೆ ಬೆವರಿಗೆ ಜಾರಿ ಸೆರಗಿಗೆ ಅಂಟಿಕೊಂಡಿರುತ್ತಿತ್ತು. ಅದರಡಿ ಬೆವರುಸಾಲೆ. ಡಾಕ್ಟರ್ ಒಂದು ವಾರ ಬಿಡಿಸಿದರು.

ಜೆಲ್ಲಿಗೆ ಈ ತಾಪತ್ರಯ ಇಲ್ಲ. ಕಡಲೆಬೇಳೆ ಗಾತ್ರದಷ್ಟು ತೆಗೆದುಕೊಂಡು ತೆಳ್ಳಗೆ ಸವರಿ, ಐದು ನಿಮಿಷ ಆರಲು ಬಿಟ್ಟು ಬ್ಲೌಸ್ ಹಾಕಿದರಾಯಿತು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ದಪ್ಪಗೆ ಹಚ್ಚಿದರೆ ಆರುವುದೇ ಇಲ್ಲ, ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ನಾನು ಮೊದಲ ಟ್ಯೂಬನ್ನು ಹಾಗೇ ಹಾಳು ಮಾಡಿದೆ. ಒಂದು ಪುಟ್ಟ ಟ್ಯೂಬಿಗೆ ಏಳೆಂಟು ನೂರು ರೂಪಾಯಿ, ತಿಂಗಳಿಗೆ ಒಂದು ಬೇಕು. ಉಬ್ಬು ತಗ್ಗಿಸುವುದರಲ್ಲಿ ಇದು ಶೀಟಿಗಿಂತ ನಿಧಾನ ಅನ್ನಿಸಿತು. ಕೊನೆಗೆ ನಾನು ನಿಂತದ್ದು ಹಗಲು ಜೆಲ್, ರಾತ್ರಿ ಫ್ಯಾನಿನಡಿ ಶೀಟ್ ಅನ್ನುವ ಲೆಕ್ಕಕ್ಕೆ. ಚಳಿಗಾಲ ಶುರುವಾಗುವ ಹೊತ್ತಿಗೆ ಗೆರೆ ಕೆಂಪಿನಿಂದ ಕಂದಿಗೆ ಬಂತು, ಬೆರಳಿಗೆ ಸಿಗುತ್ತಿದ್ದ ಅಂಚು ಕರಗಿತು.

ಕೆಳತುದಿಯ ಗಂಟು ಇದ್ಯಾವುದಕ್ಕೂ ಬಗ್ಗಲಿಲ್ಲ. ಅದು ನೋಯುತ್ತಿತ್ತು, ಮಗು ತಲೆ ಇಟ್ಟರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅದಕ್ಕೆ ಸೂಜಿ ಆಯಿತು. ಟ್ರಯಾಮ್ಸಿನೊಲೋನ್ ಅನ್ನುವ ಸ್ಟೀರಾಯ್ಡನ್ನು ಗಂಟಿನೊಳಗೇ ಚುಚ್ಚುತ್ತಾರೆ. ಐದು ವಾರಕ್ಕೊಂದರಂತೆ ನನಗೆ ನಾಲ್ಕು ಸಲ. ನೋವಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಗಟ್ಟಿ ಗಂಟಿನೊಳಗೆ ಔಷಧಿ ನುಗ್ಗುವಾಗ ಆಗುವ ನೋವು ಆಪರೇಷನ್ ಆದಮೇಲಿನ ನೋವಿಗಿಂತ ಚೂಪು, ಆದರೆ ಒಂದೆರಡು ನಿಮಿಷದ್ದು. ಎರಡನೇ ಸೂಜಿಯ ನಂತರ ಗಂಟು ಮೆತ್ತಗಾಯಿತು, ನಾಲ್ಕನೆಯದಕ್ಕೆ ಚಪ್ಪಟೆ. ಬದಲಿಗೆ ಅಲ್ಲಿ ಚರ್ಮ ತೆಳುವಾಗಿ ಒಂದು ಬಿಳಿಚಿದ ಮಚ್ಚೆ ಉಳಿಯಿತು. ನನಗೆ ಅದು ಒಪ್ಪಿಗೆ.

ಲೋಹದ ವಾಲ್ವ್ ಇರುವವರು ಇಲ್ಲಿ ಒಂದು ಮಾತು ಗಮನಿಸಿ. ನಾವು ರಕ್ತ ಹೆಪ್ಪುಗಟ್ಟದ ಮಾತ್ರೆ ತಿನ್ನುತ್ತೇವೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ರಕ್ತಪರೀಕ್ಷೆಯ ಅಂಕಿಯೇ ಐಎನ್‌ಆರ್, ನನ್ನದು 2.5ರಿಂದ 3.5ರ ಒಳಗೆ ಇರಬೇಕು. ಚರ್ಮದ ಡಾಕ್ಟರಿಗೆ ಮೊದಲೇ ಹೇಳಿ, ಹೊಸ ರಿಪೋರ್ಟ್ ತೋರಿಸಿ. ಸೂಜಿಗೋಸ್ಕರ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಒಂದು ದಿನವೂ ಬೇಡ. ನನಗೆ ಮಾತ್ರೆ ನಡೆಯುತ್ತಿರುವಾಗಲೇ ಮಾಡಿದರು, ಸುತ್ತ ಒಂದಿಷ್ಟು ನೀಲಿಗಟ್ಟಿತು, ವಾರದಲ್ಲಿ ಹೋಯಿತು.

ಇಷ್ಟೆಲ್ಲಾ ಆದರೂ ಗೆರೆ ಇದೆ, ಇರುತ್ತದೆ. ಮೇಲಿನ ತುದಿ ಮಾಮೂಲಿ ಬ್ಲೌಸಿನಲ್ಲಿ ಕಾಣುತ್ತದೆ. ಮರಳಿ ಶಾಲೆಗೆ ಹೋಗುವ ಮೊದಲು ನನಗೆ ನಿದ್ದೆ ಕೆಡಿಸಿದ್ದು ಇದು.

ಮೊದಲು ಕಾಲರ್ ಬ್ಲೌಸ್ ಹೊಲಿಸಿದೆ, ಗಂಟಲವರೆಗೂ ಮುಚ್ಚುವಂಥವು, ಐದು. ಒಂದು ಕಣ್ಣೂ ಬೀಳಲಿಲ್ಲ ನಿಜ. ಆದರೆ ಹೊಲಿಗೆಯ ಮಡಿಕೆ ಸರಿಯಾಗಿ ಹಸಿ ಚರ್ಮದ ಮೇಲೇ ಕೂತು ಉಜ್ಜುತ್ತಿತ್ತು, ಬೆವರಿಗೆ ತುರಿಕೆ ವಾಪಸ್ ಬಂತು. ಚೂಡಿದಾರದ ವೇಲನ್ನು ಕುತ್ತಿಗೆಗೆ ಸುತ್ತಿಕೊಂಡರೆ ಹಗುರ, ಆದರೆ ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗಲೆಲ್ಲ ಸರಿಯುತ್ತದೆ, ದಿನವೆಲ್ಲ ಅದನ್ನು ಸರಿಮಾಡುವುದೇ ಕೆಲಸ. ತಮ್ಮನ ಮದುವೆಗೆ ಕನ್ಸೀಲರ್ ಹಾಕಿಸಿಕೊಂಡೆ. ಬಣ್ಣ ಮುಚ್ಚಿತು, ಗೆರೆ ಮುಚ್ಚಲಿಲ್ಲ. ವಿಡಿಯೋದವರ ಲೈಟ್ ಪಕ್ಕದಿಂದ ಬಿದ್ದಾಗ ಗೆರೆಯ ನೆರಳು ಇನ್ನೂ ಜಾಸ್ತಿ ಎದ್ದು ಕಂಡಿತು. ಧಾರೆ ಮುಗಿಯುವಷ್ಟರಲ್ಲಿ ಅರ್ಧ ಬಣ್ಣ ರೇಷ್ಮೆ ಸೆರಗಿನಲ್ಲಿತ್ತು.

ಕೊನೆಗೆ ಒಂದು ಸೋಮವಾರ ಹಳೇ ಬ್ಲೌಸ್ ಹಾಕಿಕೊಂಡು ಹೋದೆ. ಸ್ಟಾಫ್ ರೂಮಿನಲ್ಲಿ ಇಬ್ಬರು ಕಣ್ಣು ತಪ್ಪಿಸಿದರು. ಒಬ್ಬರು "ಅಯ್ಯೋ ಪಾಪ" ಅಂದರು, ಅದು ಚುಚ್ಚಿತು. ಐದನೇ ತರಗತಿಯ ಒಬ್ಬ ಹುಡುಗ "ಮಿಸ್, ಅದೇನು?" ಅಂತ ನೇರ ಕೇಳಿದ. ಹೃದಯದ ಬಾಗಿಲು ಕೆಟ್ಟಿತ್ತು, ಡಾಕ್ಟರ್ ಎದೆ ತೆರೆದು ಹೊಸದು ಹಾಕಿದರು ಅಂದೆ. ಒಳಗೆ ತಂತಿ ಇದೆಯಾ ಅಂದ. ಇದೆ, ಎದೆಮೂಳೆಯನ್ನು ಸ್ಟೀಲ್ ತಂತಿಯಿಂದ ಕಟ್ಟಿದ್ದಾರೆ, ಅದು ಯಾವಾಗಲೂ ಅಲ್ಲೇ ಇರುತ್ತದೆ ಅಂದೆ. ಹೌದಾ ಅಂದು ಹೋಗಿ ಕೂತ. ಎರಡು ವಾರದಲ್ಲಿ ಎಲ್ಲರ ಕಣ್ಣಿಗೂ ಅಭ್ಯಾಸವಾಯಿತು. ಮುಚ್ಚಿಕೊಂಡಿದ್ದ ಆರು ತಿಂಗಳಲ್ಲಿ ನನ್ನ ಕೈ ಪದೇ ಪದೇ ಕುತ್ತಿಗೆಗೆ ಹೋಗುತ್ತಿದ್ದದ್ದು ತೆರೆದಿಟ್ಟ ಮೇಲೆ ನಿಂತಿತು.

ಇದು ಎಲ್ಲರಿಗೂ ಒಗ್ಗಬೇಕು ಅಂತಿಲ್ಲ. ಮುಚ್ಚಿಕೊಂಡರೆ ಸಮಾಧಾನ ಅನ್ನುವವರು ಮುಚ್ಚಿಕೊಳ್ಳಲಿ, ಮೆತ್ತನೆ ಹತ್ತಿ ಬಟ್ಟೆ ಆಗಿರಲಿ ಅಷ್ಟೇ. ತೆರೆದಿಡುವವರು ಮೊದಲ ವರ್ಷವಾದರೂ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ, ಹೊಸ ಕಲೆ ಬಿಸಿಲಿಗೆ ಬೇಗ ಕಪ್ಪಾಗುತ್ತದೆ. ಕರಿಮಣಿ ಸರ ಸರಿಯಾಗಿ ಗೆರೆಯ ಮೇಲೇ ಬಿದ್ದು ತಿಕ್ಕುತ್ತದೆ. ನಾನು ಗೆರೆ ಶುರುವಾಗುವ ಜಾಗಕ್ಕಿಂತ ಮೇಲೇ ನಿಲ್ಲುವ ಹಾಗೆ ಸರವನ್ನು ಗಿಡ್ಡ ಮಾಡಿಸಿದೆ. ಅತ್ತೆ ಏನಂದಾರೋ ಅಂತಿತ್ತು. ಅವರೇ ನನ್ನ ಜೊತೆ ಅಕ್ಕಸಾಲಿಗರ ಅಂಗಡಿಗೆ ಬಂದರು.

ಹೋದ ವಾರ ಬ್ಲೌಸ್ ಹೊಲಿಯುವ ಅಕ್ಕನ ಹತ್ತಿರ ನಾಲ್ಕು ಪೀಸ್ ಕೊಟ್ಟು ಬಂದೆ. ಮೂರಕ್ಕೆ ಮಾಮೂಲಿ ಕುತ್ತಿಗೆ. ಒಂದಕ್ಕೆ ಮಾತ್ರ ಕಾಲರ್, ಮೈದಾನದಲ್ಲಿ ಮಕ್ಕಳನ್ನು ಆಡಿಸುವ ದಿನ ಬಿಸಿಲಿಗೆ ಬೇಕಾಗುತ್ತದೆ.